ಅಯೋಡಿನ್-131 ಚಿಕಿತ್ಸೆ ಪಡೆದ ಅಜ್ಜಿಯಿಂದ ಮೊಮ್ಮಗಳು ಎಷ್ಟು ದಿನ ದೂರವಿರಬೇಕು?

ಪ್ರಶ್ನೆ:
ಥೈರಾಯ್ಡ್ ಕ್ಯಾನ್ಸರ್‌ಗಾಗಿ ಗ್ರಂಥಿಯನ್ನು ತೆಗೆದ ಬಳಿಕ ನನ್ನ ತಾಯಿಯವರಿಗೆ ವಿಕಿರಣಶೀಲ ಅಯೋಡಿನ್-131 ಕೊಟ್ಟಿದ್ದಾರೆ. ನಾಳಿದ್ದು ಮನೆಗೆ ಬರುತ್ತಾರೆ. ಇದರ ಅರ್ಧಾಯುಷ್ಯ 8 ದಿನವೆಂದು ಓದಿದೆ. ಹಾಗಿದ್ದರೆ 16 ದಿನಗಳಲ್ಲಿ ಅದು ಪೂರ್ತಿ ಮುಗಿಯುತ್ತದೆಯೇ? ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ, ಅಜ್ಜಿಯ ಮಗ್ಗುಲಲ್ಲದೆ ಬೇರೆಲ್ಲೂ ಮಲಗುವವಳಲ್ಲ.

ಉತ್ತರ 1:
ಮುಗಿಯುವುದಿಲ್ಲ. ಪ್ರತಿ 8 ದಿನಕ್ಕೆ ಉಳಿದಿದ್ದರಲ್ಲಿ ಅರ್ಧ ಕ್ಷಯಿಸಿ ಕ್ಸೆನಾನ್ ಎಂಬ ಅನಿಲವಾಗುತ್ತದೆ; 16 ದಿನಕ್ಕೆ ಕಾಲು ಭಾಗ, 24 ದಿನಕ್ಕೆ ಅರೆಕಾಲು, 80 ದಿನಕ್ಕೆ ಸುಮಾರು ಸಾವಿರದಲ್ಲೊಂದು ಭಾಗ ಉಳಿಯುತ್ತದೆ. ಆದರೆ ಇದು ಸೀಸೆಯಲ್ಲಿಟ್ಟ ಅಯೋಡಿನ್‌ನ ಲೆಕ್ಕ. ಗ್ರಂಥಿಯನ್ನು ತೆಗೆದವರ ದೇಹದಲ್ಲಿ ಅಯೋಡಿನ್ ನಿಲ್ಲಲು ಹೆಚ್ಚು ಜಾಗವಿರದ ಕಾರಣ, ಅದರ ಬಹುಪಾಲು ಮೊದಲ ಕೆಲವು ದಿನಗಳಲ್ಲೇ ಮೂತ್ರದಲ್ಲಿ ಹೊರಹೋಗುತ್ತದೆ. ಚೆನ್ನಾಗಿ ನೀರು ಕುಡಿಯಿರಿ ಎಂದು ಹೇಳುವುದು ಅದಕ್ಕಾಗಿಯೇ. ಹಾಗಾಗಿ ನೀವೇ ಲೆಕ್ಕ ಹಾಕಬೇಡಿ. ಕೊಟ್ಟ ಪ್ರಮಾಣವನ್ನೂ ಬಿಡುಗಡೆಯ ಹೊತ್ತಿನ ಅಳತೆಯನ್ನೂ ನೋಡಿ ಆಸ್ಪತ್ರೆಯವರು ಬರೆದುಕೊಟ್ಟಷ್ಟು ದಿನಗಳನ್ನು ಪಾಲಿಸಿ.

ಉತ್ತರ 2:
ಮಗುವಿನ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಅಯೋಡಿನ್-131 ಹೊಮ್ಮಿಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರ್‌ನೊಳಗೇ ನಿಂತು, ಉಳಿದ ಥೈರಾಯ್ಡ್ ಕೋಶಗಳನ್ನು ಕೊಲ್ಲುತ್ತವೆ. ಗಾಮಾ ಕಿರಣಗಳು ಮಾತ್ರ ದೇಹದಿಂದ ಹೊರಬರುತ್ತವೆ. ಅಂತರ ಎರಡರಷ್ಟಾದರೆ ಅವುಗಳ ತೀವ್ರತೆ ಸುಮಾರು ಕಾಲು ಭಾಗಕ್ಕೆ ಇಳಿಯುವುದರಿಂದ, ಮಗ್ಗುಲಲ್ಲಿ ರಾತ್ರಿಯಿಡೀ ಮಲಗುವುದಕ್ಕೂ ಕೋಣೆಯ ಆಚೆ ಬದಿಯಲ್ಲಿ ಹತ್ತು ನಿಮಿಷ ಕೂರುವುದಕ್ಕೂ ಅಜಗಜಾಂತರವಿದೆ.

ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅಯೋಡಿನ್ ಮಗುವಿನ ಹೊಟ್ಟೆಗೆ ಹೋಗದಂತೆ ನೋಡಿಕೊಳ್ಳುವುದರಲ್ಲಿ. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರದ ದುರಂತವಾದಾಗ ಹುಲ್ಲಿನ ಮೇಲೆ ಬಿದ್ದ ಅಯೋಡಿನ್-131 ಹಸುವಿನ ಹಾಲಿಗಿಳಿದು, ಆ ಹಾಲು ಕುಡಿದ ಬೆಲಾರುಸ್, ಉಕ್ರೇನ್‌ಗಳ ಎಷ್ಟೋ ಮಕ್ಕಳಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಎಳೆಯ ಗ್ರಂಥಿ ಚಿಕ್ಕದು, ಸೇರಿದ ಅಯೋಡಿನ್ ಅಷ್ಟರಲ್ಲೇ ಸಾಂದ್ರವಾಗುತ್ತದೆ. ನಿಮ್ಮ ಮನೆಯ ಸ್ಥಿತಿಗೂ ಅದಕ್ಕೂ ಹೋಲಿಕೆಯೇ ಇಲ್ಲ, ಹೆದರಬೇಡಿ. ಆದರೆ ಎಂಜಲು, ಬೆವರು, ಮೂತ್ರಗಳಲ್ಲಿ ಅಯೋಡಿನ್ ಇರುತ್ತದೆ. ಅಜ್ಜಿ ಕೈತುತ್ತು ಕೊಡುವುದು, ಒಂದೇ ಲೋಟದಲ್ಲಿ ಕುಡಿಯುವುದು ಆ ದಿನಗಳಲ್ಲಿ ಬೇಡ. ಅವರ ತಟ್ಟೆ, ಟವೆಲ್, ಹಾಸಿಗೆ ಬೇರೆಯಿರಲಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರೂ ದೂರವಿರಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಆಸ್ಪತ್ರೆಯ ಚೀಟಿಯಲ್ಲಿ ಮಕ್ಕಳಿಗೆಂದೇ ಬೇರೆ ಅವಧಿ ಬರೆದಿದ್ದಾರೆ, ನಾನು ಗಮನಿಸಿರಲಿಲ್ಲ. ಅಷ್ಟು ದಿನ ಮಗಳು ಅಕ್ಕನ ಮನೆಯಲ್ಲಿರುತ್ತಾಳೆ. ಅಮ್ಮನಿಗೆ ಒಂಟಿಯೆನಿಸದಂತೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನಾನು ಮಾತನಾಡಿಸುತ್ತಿರುತ್ತೇನೆ.