ಲಿನೋ ಅಚ್ಚಿನಲ್ಲಿ ರಿಜಿಸ್ಟರ್ ತಪ್ಪಿದ (ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರದ) ಒಂಬತ್ತು ಹಾಳೆ ಉಂಟು, ಎಂತ ಮಾಡುವುದು?

ಕೇಳಿದ್ದು, ಕದ್ರಿಯಿಂದ: ಒಂದೇ ಲಿನೋ (ಅಚ್ಚು ಕೆತ್ತುವ ಲಿನೋಲಿಯಂ ಹಾಳೆ) ತುಂಡನ್ನು ಪ್ರತಿ ಬಣ್ಣಕ್ಕೂ ಇನ್ನಷ್ಟು ಕೆತ್ತುತ್ತಾ ಹೋಗಿ ಮೂರು ಬಣ್ಣ ಹಾಕಿದೆ. ಇಪ್ಪತ್ತರಲ್ಲಿ ಒಂಬತ್ತು ಹಾಳೆಯಲ್ಲಿ ಎರಡನೇ ಬಣ್ಣ ಪಕ್ಕಕ್ಕೆ ಜಾರಿದೆ. ಬ್ಲಾಕ್ ಕೆತ್ತಿ ಮುಗಿದ ಕಾರಣ ಪುನಃ ಹಾಕುವ ಹಾಗೂ ಇಲ್ಲ. ಒಳ್ಳೆಯ ಕಾಗದ, ಗುಜರಿಗೆ ಕೊಡಲು ಮನಸ್ಸು ಬರುವುದಿಲ್ಲ. ಲಿನೋ ಚೂರು ಬೇರೆ ಒಂದು ಡಬ್ಬಿ ತುಂಬ ಉಂಟು.

ಉಡುಪಿಯಿಂದ: ಮೊದಲು ಕತ್ತರಿ ಕೆಳಗಿಡಿ ಮಾರಾಯ್ರೇ. ರಟ್ಟಿನಲ್ಲಿ ಅಂಚೆಕಾರ್ಡಿನಷ್ಟು ಕಿಟಕಿ ಕೊರೆದು ಹಾಳೆಯ ಮೇಲೆ ಮೆಲ್ಲ ಸರಿಸುತ್ತಾ ನೋಡಿ. ನಾನು ಮಲ್ಪೆ ಬಂದರಿನ ಬೋಟುಗಳನ್ನು ಹಾಕಿದಾಗ ನೀಲಿ ತಪ್ಪಿ ಇಡೀ ಚಿತ್ರ ಕಣ್ಣು ಮಂಜಾದವರಿಗೆ ಕಂಡಂತೆ ಇತ್ತು. ಆದರೆ ಹಗ್ಗ ಕಟ್ಟಿದ ಮೂಲೆಯಲ್ಲಿ ಕೆಂಪು ಗೆರೆಯ ಪಕ್ಕ ನೀಲಿ ಗೆರೆ ಬಿದ್ದು, ಹಗ್ಗ ನೀರಿನಲ್ಲಿ ಅಲ್ಲಾಡುತ್ತಿದೆಯೋ ಎಂಬ ಹಾಗೆ! ನಾನು ಬೇಕೆಂದು ಮಾಡಿದ್ದರೆ ಅದು ಬರುತ್ತಿರಲಿಲ್ಲ. ಹಾಗೆ ಕಿಟಕಿಯಲ್ಲಿ ಚಂದ ಕಂಡದ್ದನ್ನಷ್ಟೇ ಕತ್ತರಿಸಿದ ತುಂಡುಗಳು ಈಗ ನೋಟ್‌ಬುಕ್ಕಿನ ರಟ್ಟಿನ ಮೇಲೆ ಉಂಟು.

ಅಂಟಿಸಲು ಮೈದಾ ಗೋಂದು ಸಾಕು. ಒಂದು ಪಾಲು ಮೈದಾಕ್ಕೆ ಐದು ಪಾಲು ನೀರು, ಗಂಟಾಗದ ಹಾಗೆ ಕಲಸಿ ಸಣ್ಣ ಉರಿಯಲ್ಲಿ ಗಾಜಿನಂತೆ ಹೊಳೆಯುವವರೆಗೆ ಕೈಯಾಡಿಸಿ. ನಮ್ಮ ಮಳೆಗಾಲಕ್ಕೆ ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ. ಬೈಂಡಿಂಗಿನವರು ಚಿಟಿಕೆ ಮೈಲುತುತ್ತು ಸೇರಿಸುತ್ತಾರೆ. ಅಡಿಕೆಗೆ ಮದ್ದು ಬಿಡಲು ತರುತ್ತೇವಲ್ಲ, ಅದೇ. ವಿಷ ಅದು, ಅಡುಗೆ ಪಾತ್ರೆಗೆ ಮಾತ್ರ ಬೇಡ.

ಸುರತ್ಕಲ್‌ನಿಂದ: ಸೆಣಬಿನ ಬಟ್ಟೆ ಇರುವ ಲಿನೋ ಆದರೆ ಚೂರಿನ ಬೆನ್ನಿಗೇ ಇಂಕ್ ಹಚ್ಚಿ ಒತ್ತಿ ನೋಡಿ, ಗೋಣಿಯ ನೇಯ್ಗೆ ಬೀಳುತ್ತದೆ. ಮೀನಿನ ಬಲೆಗೆ ಬೇರೆ ಕೆತ್ತನೆಯೇ ಬೇಡ. ಉಳಿದ ಚೂರುಗಳನ್ನು ರಟ್ಟಿಗೆ ಅಂಟಿಸಿ, ಮೇಲೆ ವಾರ್ನಿಷ್ ಬಳಿದು ಒಣಗಿಸಿದರೆ ಅದೇ ಹೊಸ ಬ್ಲಾಕ್. ಎಲ್ಲ ಚೂರೂ ಒಂದೇ ದಪ್ಪ ಇರಲಿ, ಇಲ್ಲದಿದ್ದರೆ ತಗ್ಗಿನದ್ದಕ್ಕೆ ರೋಲರ್ ತಾಗುವುದಿಲ್ಲ.

ನಮ್ಮ ಊರಲ್ಲಿ 1843ರಲ್ಲಿ ‘ಮಂಗಳೂರ ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಒತ್ತಿದ್ದು. ಆ ಕಲ್ಲನ್ನಾದರೆ ಉಜ್ಜಿ ಪುನಃ ಬಳಸಬಹುದು. ಲಿನೋದಲ್ಲಿ ಕೆತ್ತಿದ್ದು ಹೋಯಿತೆಂದೇ ಲೆಕ್ಕ, ಹಾಗಾಗಿ ಚೂರಿಗೂ ನಾನು ಜಿಪುಣ.

ಮಣಿಪಾಲದಿಂದ: ಸರಿ ಬಂದ ಹನ್ನೊಂದರ ಕೆಳಗೆ ಪ್ರತಿ ಸಂಖ್ಯೆ ಬರೆಯುವಾಗ (ಎಷ್ಟನೆಯದು/ಒಟ್ಟು ಎಷ್ಟು) 1/20, 2/20 ಎಂದು ಬರೆಯಬೇಡಿ, 1/11, 2/11 ಹೀಗೆ ಸರಿ. ಕತ್ತರಿಸಿ ಮಾಡಿದ್ದಕ್ಕೆ ಆ ಲೆಕ್ಕವೇ ಬೇಡ. ಮತ್ತೊಂದು, ಅಗಸೆ ಎಣ್ಣೆಯ ಇಂಕ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿ ಬಿಸಿಯಾಗಿ ಬೆಂಕಿ ಹಿಡಿಯುವುದುಂಟು. ಹೊರಗೆ ಹರಡಿ ಒಣಗಿಸಿ.

ಕದ್ರಿಯಿಂದ: ಕಿಟಕಿ ಇಟ್ಟು ನೋಡಿದೆ, ಏಳು ಹಾಳೆಯಲ್ಲಿ ಏನಾದರೊಂದು ಸಿಕ್ಕಿತು. ಉಳಿದೆರಡನ್ನು ಹುಡುಕಿದರೆ ಇಲ್ಲ. ಅಮ್ಮ ಕಪಾಟಿನಲ್ಲಿ ಸೀರೆಯ ಅಡಿಗೆ ಹಾಸಿ ಆಗಿದೆ.