ಯುದ್ಧ ಮುಗಿದ ಮೇಲಿನ ಅಧಿಕಾರದ ಹೋರಾಟ: ಫ್ಯಾಂಟಸಿ ಕಾದಂಬರಿಯಲ್ಲಿ ಬಿಗಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾನು ಒಂದು ದೊಡ್ಡ ಫ್ಯಾಂಟಸಿ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಕಥೆ ಆರಂಭವಾಗುವುದೇ ಯುದ್ಧದ ಕೊನೆಯ ದಿನದಿಂದ. ಗೆದ್ದ ರಾತ್ರಿಯೇ ಚಕ್ರವರ್ತಿ ತೀರಿಕೊಳ್ಳುತ್ತಾನೆ. ಅವನಿಗಿರುವುದು ಒಂದು ಹಸುಗೂಸು, ಮತ್ತು ಒಬ್ಬರನ್ನೊಬ್ಬರು ನಂಬದ ಐವರು ದಂಡನಾಯಕರು. ಮುಂದಿನದೆಲ್ಲ ಸಿಂಹಾಸನಕ್ಕಾಗಿ ಈ ಐವರ ನಡುವೆ ನಡೆಯುವ ಹೋರಾಟ. ಕರಡನ್ನು ಓದಿದ ಇಬ್ಬರು ಗೆಳೆಯರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಮೊದಲ ಅಧ್ಯಾಯದ ರಣರಂಗ ಕಣ್ಣಿಗೆ ಕಟ್ಟುತ್ತದೆ, ಆದರೆ ಅಲ್ಲಿಂದಾಚೆಗೆ ಎಲ್ಲರೂ ಸಭೆಯಲ್ಲಿ ಕುಳಿತು ಮಾತನಾಡುತ್ತಲೇ ಇರುತ್ತಾರೆ, ಸಂಚಿನ ಮೇಲೆ ಸಂಚು ನಡೆದರೂ ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ. ಇನ್ನೊಂದು ತೊಡಕೂ ಇದೆ. ಚಕ್ರವರ್ತಿಯ ಖಡ್ಗಕ್ಕೆ ಮಂತ್ರಶಕ್ತಿಯಿದ್ದು, ಅದನ್ನು ಹಿಡಿದವನ ಮಾತನ್ನು ಸೈನ್ಯ ಮೀರಲಾರದು ಎಂದು ಬರೆದಿದ್ದೇನೆ. ಇದು ಕಥೆಗೆ ಬಲವೋ ಭಾರವೋ ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನನ್ನ ದೃಷ್ಟಿಯಲ್ಲಿ ತೊಡಕಿನ ಮೂಲ ಆ ಖಡ್ಗದಲ್ಲಿಯೇ ಇದೆ. ಹಿಡಿದವನಿಗೆ ಎಲ್ಲರೂ ತಲೆಬಾಗುವುದಾದರೆ ಅದು ಅಧಿಕಾರದ ಹೋರಾಟವಾಗುವುದಿಲ್ಲ, ಒಂದು ವಸ್ತುವಿನ ಕಳವಾಗುತ್ತದೆ; ಕಳವು ಮುಗಿದೊಡನೆ ಕಥೆಯೂ ಮುಗಿಯುತ್ತದೆ.

ಅಲೆಕ್ಸಾಂಡರ್ ಕ್ರಿ.ಪೂ. 323ರಲ್ಲಿ ಬ್ಯಾಬಿಲೋನಿನಲ್ಲಿ ಸತ್ತಾಗ ನಡೆದದ್ದು ನಿಮ್ಮ ಕಥೆಗೆ ಬಹಳ ಹತ್ತಿರದ್ದು. ಅವನ ಮುದ್ರೆಯುಂಗುರ ದಂಡನಾಯಕ ಪರ್ಡಿಕ್ಕಸ್‌ನ ಕೈಸೇರಿತು. ಆದರೆ ಅಲೆಕ್ಸಾಂಡರನ ಪಾರ್ಥಿವ ಶರೀರವನ್ನು ಹೊತ್ತು ಸಾಗುತ್ತಿದ್ದ ರಥವನ್ನು ಇನ್ನೊಬ್ಬ ದಂಡನಾಯಕ ಟಾಲೆಮಿ ನಡುದಾರಿಯಲ್ಲಿಯೇ ಈಜಿಪ್ಟಿನ ಕಡೆಗೆ ತಿರುಗಿಸಿಕೊಂಡನು. ಪರ್ಡಿಕ್ಕಸ್ ಅವನ ಮೇಲೆ ದಂಡೆತ್ತಿ ಹೋಗಿ ನೈಲ್ ನದಿಯನ್ನು ದಾಟಲು ಹೆಣಗಿದನು. ಹೊಳೆಯಲ್ಲಿ ಸಾವಿರಾರು ಸೈನಿಕರು ಕೊಚ್ಚಿಹೋದರು. ಕೊನೆಗೆ ಅವನದೇ ಅಧಿಕಾರಿಗಳು ಅವನನ್ನು ಇರಿದು ಕೊಂದರು. ಉಂಗುರ ಅವನನ್ನು ಕಾಯಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದವನು ಯೂಮೆನೆಸ್. ಅವನು ಮೊದಲು ಅಲೆಕ್ಸಾಂಡರನ ಅರಮನೆಯ ಕಾರ್ಯದರ್ಶಿ, ಅಲೆಕ್ಸಾಂಡರನ ನಾಡಾದ ಮ್ಯಾಸಿಡೋನಿಯಾದವನಲ್ಲದ ಗ್ರೀಕ್. ಇಂಥವನ ಅಪ್ಪಣೆಯನ್ನು ಪಾಲಿಸಲು ಹಳೆಯ ಸೇನಾನಿಗಳಿಗೆ ಮನಸ್ಸಿರಲಿಲ್ಲ. ಆಗ ಅವನು ಪಾಳೆಯದ ನಡುವೆ ಒಂದು ಭವ್ಯವಾದ ಡೇರೆಯನ್ನು ಹಾಕಿಸಿ, ಅದರೊಳಗೆ ಖಾಲಿ ಸಿಂಹಾಸನವನ್ನಿರಿಸಿ, ಅದರ ಮೇಲೆ ಅಲೆಕ್ಸಾಂಡರನ ಕಿರೀಟಪಟ್ಟಿ, ರಾಜದಂಡ, ಆಯುಧಗಳನ್ನು ಇಡಿಸಿದನು. ಸೇನಾನಿಗಳು ಅದರ ಮುಂದೆ ಧೂಪ ಹಾಕಿ ನಮಸ್ಕರಿಸಿ, ಸುತ್ತಲೂ ಕುಳಿತು ಸಭೆ ನಡೆಸುತ್ತಿದ್ದರು. ಬದುಕಿದ್ದ ಯಾರಿಗೂ ತಲೆಬಾಗದವರು ಸತ್ತವನಿಗೆ ತಲೆಬಾಗಲು ಒಪ್ಪಿದರು. ನಿಮ್ಮ ಖಡ್ಗದಲ್ಲಿ ಮಂತ್ರವಿದೆಯೋ ಇಲ್ಲವೋ ಯಾರಿಗೂ ಖಚಿತವಾಗಿ ಗೊತ್ತಿರದಿದ್ದರೆ, ಪರೀಕ್ಷಿಸಿ ನೋಡುವ ಧೈರ್ಯ ಐವರಲ್ಲಿ ಒಬ್ಬರಿಗೂ ಬರದಿದ್ದರೆ, ನೀವು ಬರೆದಿರುವ ಅದೇ ಸಭೆಯ ದೃಶ್ಯಗಳು ಎಷ್ಟು ಬಿಗಿಯಾಗುತ್ತವೆ ನೋಡಿ.

ಉತ್ತರ 2

ಮೇಲಿನವರು ಯೂಮೆನೆಸ್‌ನ ಡೇರೆಯ ಬಗ್ಗೆ ಬರೆದರು. ಅವನ ಕೊನೆಯನ್ನೂ ಹೇಳಲೇಬೇಕು, ಏಕೆಂದರೆ ನಿಮ್ಮ ಗೆಳೆಯರ ದೂರಿಗೆ ಉತ್ತರ ಅಲ್ಲಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಕ್ರಿ.ಪೂ. 316ರ ಸುಮಾರಿಗೆ ಗೇಬಿಯೀನ್ ಎಂಬಲ್ಲಿ ಅವನೂ ಅಲೆಕ್ಸಾಂಡರನ ಇನ್ನೊಬ್ಬ ದಂಡನಾಯಕನಾಗಿದ್ದ ಆಂಟಿಗೊನಸನೂ ಎದುರಾದರು. ಯೂಮೆನೆಸ್‌ನ ಕಡೆ ‘ಬೆಳ್ಳಿ ಗುರಾಣಿ’ಯವರೆಂಬ ಹಳೆಯ ಪಡೆಯಿತ್ತು, ಅವರಲ್ಲಿ ಬಹಳ ಮಂದಿ ಅರವತ್ತು ದಾಟಿದವರು. ಅವರು ಎದುರಿನ ಕಾಲಾಳುಗಳನ್ನು ನುಚ್ಚುನೂರು ಮಾಡಿದರು. ಆದರೆ ಅದು ಉಪ್ಪು ಮಣ್ಣಿನ ಬಯಲು. ಕುದುರೆಗಳ ಗೊರಸಿನಿಂದ ಎದ್ದ ಧೂಳಿನ ಮರೆಯಲ್ಲಿ ಆಂಟಿಗೊನಸನ ಸವಾರರು ಹಿಂಬದಿಯ ಬಿಡಾರಕ್ಕೆ ನುಗ್ಗಿ, ಆ ಮುದುಕರ ಹೆಂಡಿರು ಮಕ್ಕಳನ್ನೂ, ಇಡೀ ಬದುಕಿನ ಗಳಿಕೆಯನ್ನೂ ಹೊತ್ತೊಯ್ದರು. ಅವನ್ನು ಮರಳಿ ಪಡೆಯಲು ಬೆಳ್ಳಿ ಗುರಾಣಿಯವರು ತಮ್ಮ ನಾಯಕನನ್ನೇ ಕೈಕಟ್ಟಿ ಶತ್ರುವಿಗೆ ಒಪ್ಪಿಸಿದರು.

ನಿಮ್ಮ ಐವರು ದಂಡನಾಯಕರ ಹಿಂದೆ ಇಂಥ ಸೈನಿಕರು ಎಲ್ಲಿದ್ದಾರೆ? ಯುದ್ಧ ಮುಗಿದೊಡನೆ ಅವರಿಗೆ ಬಾಕಿ ಸಂಬಳ ಬೇಕು, ಮಾತು ಕೊಟ್ಟ ಭೂಮಿ ಬೇಕು. ರೋಮಿನಲ್ಲಿ ಕ್ರಿ.ಪೂ. 42ರ ಫಿಲಿಪ್ಪೈ ಯುದ್ಧದ ಬಳಿಕ ಸೈನಿಕರಿಗೆ ಭೂಮಿ ಹಂಚಲೆಂದು ಇಟಲಿಯ 18 ಪಟ್ಟಣಗಳನ್ನು ಗುರುತಿಸಲಾಗಿತ್ತು. ಅಲ್ಲಿನ ಒಕ್ಕಲನ್ನು ಎಬ್ಬಿಸಹೊರಟಾಗ ಮರುವರ್ಷವೇ ಇನ್ನೊಂದು ಅಂತರ್ಯುದ್ಧ ಹೊತ್ತಿಕೊಂಡಿತು. ಒಬ್ಬ ಸೈನಿಕ ತನಗೆ ಬರೆದುಕೊಟ್ಟ ಹೊಲಕ್ಕೆ ಹೋಗುತ್ತಾನೆ, ಅಲ್ಲಿ ಉಳುತ್ತಿರುವವನು ನೇಗಿಲು ನಿಲ್ಲಿಸಿ ಅವನನ್ನು ನೋಡುತ್ತಾನೆ. ಇಂಥ ಒಂದು ಪುಟ ಬಂದ ಮೇಲೆ ಸಭೆಯಲ್ಲಿ ಆಡುವ ಪ್ರತಿ ಮಾತಿಗೂ ತೂಕ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಕುಳಿತು ಎರಡನೆಯ ಅಧ್ಯಾಯವನ್ನು ಪೂರ್ತಿ ತೆಗೆದುಹಾಕಿದೆ. ಈಗ ಅದು ಸಭೆಯಿಂದಲ್ಲ, ಪಾಳೆಯದ ಲೆಕ್ಕದ ಡೇರೆಯಿಂದ ಆರಂಭವಾಗುತ್ತದೆ: ಕರಣಿಕಳೊಬ್ಬಳು ಸತ್ತವರ ಹೆಸರಿಗೆ ಅಡ್ಡಗೆರೆ ಎಳೆಯುತ್ತಿದ್ದಾಳೆ, ಆದರೆ ಅವರಿಗೆ ಸಲ್ಲಬೇಕಾದ ಸಂಬಳವನ್ನು ಹೊಡೆದುಹಾಕಲು ಅವಳ ಕೈ ಬರುತ್ತಿಲ್ಲ. ಖಡ್ಗವನ್ನು ಒರೆಯಲ್ಲಿಯೇ ಬಿಟ್ಟಿದ್ದೇನೆ. ಉಳಿದದ್ದು ಒಂದೇ ಪ್ರಶ್ನೆ: ಹಸುಗೂಸನ್ನು ಏನು ಮಾಡಲಿ? ಕರಡಿನಲ್ಲಿ ಅದು ಮೂರನೆಯ ಅಧ್ಯಾಯದಲ್ಲಿಯೇ ಸಾಯುತ್ತದೆ.

ಉತ್ತರ 3

ಅಷ್ಟು ಬೇಗ ಕೊಲ್ಲಬೇಡಿ. ಅಲೆಕ್ಸಾಂಡರ್ ಸತ್ತಾಗ ಅವನ ಹೆಂಡತಿ ರೊಕ್ಸಾನಾ ಗರ್ಭಿಣಿ. ಹುಟ್ಟಿದ ಗಂಡುಮಗುವನ್ನು ರಾಜನೆಂದು ಘೋಷಿಸಲಾಯಿತು. ಆ ಮಗು ಉಸಿರಾಡುತ್ತಿರುವಷ್ಟು ಕಾಲ ಪ್ರತಿಯೊಬ್ಬನೂ ತಾನು ಅವನ ಸೇವಕನೆಂದೇ ಹೇಳಿಕೊಳ್ಳಬೇಕಿತ್ತು, ಹೇಳಿಕೊಳ್ಳುತ್ತಲೇ ನಾಡುಗಳನ್ನು ನುಂಗಬೇಕಿತ್ತು. ಹುಡುಗ ದೊಡ್ಡವನಾಗುತ್ತ ಬಂದಂತೆ ಈ ನಟನೆಗೆ ಗಡುವು ಹತ್ತಿರವಾಯಿತು. ಕ್ರಿ.ಪೂ. 310ರ ಸುಮಾರಿಗೆ ಮ್ಯಾಸಿಡೋನಿಯಾವನ್ನು ಆಳುತ್ತಿದ್ದ ಕಸ್ಸಾಂಡರ್ ತಾಯಿ ಮಗ ಇಬ್ಬರನ್ನೂ ಗುಟ್ಟಾಗಿ ಕೊಲ್ಲಿಸಿದನು.

ಹಾಗಿದ್ದರೂ ಆಂಟಿಗೊನಸ್ ತನ್ನನ್ನು ರಾಜನೆಂದು ಕರೆದುಕೊಂಡದ್ದು ಕ್ರಿ.ಪೂ. 306ರಲ್ಲಿ, ಅಂದರೆ ಅಲೆಕ್ಸಾಂಡರ್ ಸತ್ತು 17 ವರ್ಷಗಳಾದ ಮೇಲೆ. ನಡುವಿನ ಆ ಖಾಲಿ ವರ್ಷಗಳಲ್ಲಿ ಬ್ಯಾಬಿಲೋನಿನ ಲಿಪಿಕಾರರು ಜೇಡಿಮಣ್ಣಿನ ಹಲಗೆಗಳ ಮೇಲೆ ಸತ್ತ ಹುಡುಗನ ಆಳ್ವಿಕೆಯ ವರ್ಷಗಳನ್ನೇ ಎಣಿಸಿ ಬರೆಯುತ್ತಿದ್ದರು. ನಿಮ್ಮ ಕರಣಿಕಳಿಗೂ ಒಂದು ದಿನ ಸುದ್ದಿ ಮುಟ್ಟಲಿ. ಮರುದಿನ ಬೆಳಿಗ್ಗೆ ಲೆಕ್ಕದ ಪುಸ್ತಕ ತೆರೆದು ಮೇಲ್ಭಾಗದಲ್ಲಿ ಯಾರ ಹೆಸರಿನ ವರ್ಷವನ್ನು ಬರೆಯಬೇಕೆಂದು ಅವಳು ಯೋಚಿಸಲಿ.