ಒಟಿಪಿ ಹೇಳದಿದ್ದರೂ ದುಡ್ಡು ಹೋಗುತ್ತಿದೆ, ಜಾಗೃತಿ ಸಭೆಯಲ್ಲಿ ಏನು ಹೇಳಬೇಕು?

ತುಂಗಾತೀರ:
ತೀರ್ಥಹಳ್ಳಿ ಕಡೆ ಸ್ವಸಹಾಯ ಸಂಘಗಳ ಸಭೆಯಲ್ಲಿ ಸೈಬರ್ ಜಾಗೃತಿಯ ಮಾತು ಇಟ್ಟುಕೊಂಡಿದ್ದೇವೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಅನ್ನೋದು ಎಲ್ಲರಿಗೂ ಬಾಯಿಪಾಠ. ಆದರೂ ಖಾತೆ ಖಾಲಿಯಾಗೋದು ನಿಂತಿಲ್ಲ, ಯಾಕೆ?

ಅಡಿಕೆಚಪ್ಪರ:
ಕಳ್ಳರು ಈಗ ಒಟಿಪಿ ಕೇಳಲೇಬೇಕೆಂದಿಲ್ಲ ಮಾರಾಯ್ರೇ. ವಾಟ್ಸ್‌ಆ್ಯಪ್‌ಗೆ ಮದುವೆ ಕರೆಯೋಲೆ, ಪಿಎಂ ಕಿಸಾನ್, ಟ್ರಾಫಿಕ್ ಚಲನ್ ಅಂತ ಫೈಲ್ ಬರುತ್ತೆ. ಹೆಸರಿನ ಕೊನೆಗೆ ‘ಎಪಿಕೆ’ ಅಂತಿದ್ದರೆ ಅದು ಕಾಗದವಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಅನುಮತಿಗೆ ‘ಅಲೋ’ ಒತ್ತಿದರೆ ಒಟಿಪಿಯನ್ನು ಅದೇ ಓದಿ ಕಳಿಸುತ್ತೆ. ಸಭೆಯಲ್ಲೇ ಒಬ್ಬೊಬ್ಬರ ಫೋನ್ ತೆಗೆಸಿ, ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಹುಡುಕಿಸಿ, ವಾಟ್ಸ್‌ಆ್ಯಪ್, ಕ್ರೋಮ್ ಎರಡಕ್ಕೂ ಆಫ್ ಮಾಡಿಸಿ. ಭಾಷಣಕ್ಕಿಂತ ಅದು ಉಪಯೋಗ.

ಕೊಡಚಾದ್ರಿ_ನೆರಳು:
ಒತ್ತಿಯೇ ಬಿಟ್ಟಿದ್ದರೆ ಮೊದಲು ಡೇಟಾ, ವೈಫೈ ಆಫ್. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಅದರಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಕ್ಷಣ ಕರೆ ಮಾಡಿ. ಯುಪಿಐ ವ್ಯವಹಾರದ 12 ಅಂಕಿಯ ಯುಟಿಆರ್ ಸಂಖ್ಯೆ, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ, ಕೈಲಿರಲಿ. ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಲೇ ಇರುತ್ತೆ, ಸಂಜೆ ನೋಡೋಣ ಅಂದರೆ ಕೈಗೆ ಸಿಗೋದು ಕಷ್ಟ. ನಿಮಗೆ ಬರೋ ಕರೆಗಳು ಕಳ್ಳರ ನಂಬರಿಗೆ ಫಾರ್ವರ್ಡ್ ಆಗಿದ್ದರೆ ##002# ಡಯಲ್ ಮಾಡಿ ರದ್ದು ಮಾಡಿ. ಆ್ಯಪ್ ಅನ್‌ಇನ್‌ಸ್ಟಾಲ್ ಆಗದೆ ಹಟ ಹಿಡಿದರೆ ಸೆಟ್ಟಿಂಗ್ಸ್‌ನ ‘ಡಿವೈಸ್ ಅಡ್ಮಿನ್’ ಪಟ್ಟಿಯಲ್ಲಿ ಅದರ ಟಿಕ್ ತೆಗೆದು ಮತ್ತೆ ಪ್ರಯತ್ನಿಸಿ.

ಹೊಸನಗರದವ:
ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಜೊತೆ ಟವರೂ ಹೋಗುತ್ತೆ, ಬ್ಯಾಂಕಿನ ಮೆಸೇಜ್ ತಡವಾಗಿ ಬರುತ್ತೆ. ಹಾಗಾಗಿ ಅಡಿಕೆ ದುಡ್ಡು ಬೀಳೋ ಖಾತೆಗೆ ಯುಪಿಐ ಜೋಡಿಸಲೇಬೇಡಿ. ಅಂಗಡಿ ಖರ್ಚಿಗೆ ಬೇರೆ ಖಾತೆ ಇಟ್ಟು ಅದರಲ್ಲಿ ಐದು ಸಾವಿರ ಮಾತ್ರ ಬಿಡಿ.